ಅಮೆರಿಕದ ಕಾಂಗ್ರೆಸ್‌ನಲ್ಲಿ ರಾಜಿ ಮಾಡಿಕೊಂಡವರೇ ಯಾಕೆ ಸೋಲುತ್ತಾರೆ?

ಎಡಿಸನ್ ಕಾಫಿ

2025ರ ಅಕ್ಟೋಬರ್ 1ರಿಂದ ನವೆಂಬರ್ 12ರವರೆಗೆ, ಒಟ್ಟು 43 ದಿನ, ಅಮೆರಿಕದ ಫೆಡರಲ್ ಸರ್ಕಾರ ಬಾಗಿಲು ಹಾಕಿತ್ತು. ಅಲ್ಲಿಯವರೆಗಿನ ಷಟ್‌ಡೌನ್‌ಗಳಲ್ಲಿ ಇದೇ ಉದ್ದದ್ದು. ವಿಮಾನ ಸಂಚಾರ ನಿಯಂತ್ರಿಸುವವರು ಸಂಬಳವಿಲ್ಲದೆ ದುಡಿದರು. 40 ದೊಡ್ಡ ನಿಲ್ದಾಣಗಳಲ್ಲಿ ವಿಮಾನಗಳನ್ನು ಕಡಿತ ಮಾಡಿದರು. ಸುಮಾರು 4.2 ಕೋಟಿ ಜನ ನೆಚ್ಚಿಕೊಂಡಿರುವ ಆಹಾರ ನೆರವು, ಅದೇ ಸ್ನ್ಯಾಪ್, ನವೆಂಬರ್‌ನಲ್ಲಿ ಹೊತ್ತಿಗೆ ಸರಿಯಾಗಿ ಸಿಗಲಿಲ್ಲ. ಊರಿನಿಂದ ಫೋನ್ ಮಾಡಿದ ಅತ್ತೆ, "ಅಷ್ಟು ದೊಡ್ಡ ದೇಶದಲ್ಲಿ ಸಂಬಳಕ್ಕೆ ದುಡ್ಡಿಲ್ವಾ?" ಎಂದು ಕೇಳಿದರು. ದುಡ್ಡಿತ್ತು. ಖರ್ಚು ಮಾಡಲು ಸಂಸತ್ತಿನ ಒಪ್ಪಿಗೆ ಇರಲಿಲ್ಲ.

ಜಗಳ ಇದ್ದದ್ದು ಆರೋಗ್ಯ ವಿಮೆಯ ಸಬ್ಸಿಡಿ ಬಗ್ಗೆ. ಒಬಾಮಾ ಕಾಲದ ಆರೋಗ್ಯ ವಿಮೆ ಕಾನೂನು, ಅಂದರೆ ಒಬಾಮಾಕೇರ್, ಅದರಡಿ ವಿಮೆ ಕೊಳ್ಳುವವರಿಗೆ ಕೊಡುತ್ತಿದ್ದ ಹೆಚ್ಚುವರಿ ನೆರವು 2025ರ ಕೊನೆಗೆ ಮುಗಿಯುವುದರಲ್ಲಿತ್ತು. ಅದನ್ನು ಮುಂದುವರಿಸದೆ ಬಜೆಟ್‌ಗೆ ಮತ ಹಾಕುವುದಿಲ್ಲ ಎಂದು ಡೆಮಾಕ್ರಟರು ಕೂತರು. ಮೊದಲು ಸರ್ಕಾರ ತೆರೆಯಿರಿ, ಆಮೇಲೆ ಮಾತು ಎಂದು ರಿಪಬ್ಲಿಕನ್ನರು ಕೂತರು. ಕೊನೆಗೆ ಮೇಲ್ಮನೆಯಾದ ಸೆನೆಟ್‌ನಲ್ಲಿ ಡೆಮಾಕ್ರಟರ ಕಡೆಯ ಎಂಟು ಸೆನೆಟರ್‌ಗಳು ಆ ಕಡೆ ಮತ ಹಾಕಿ, ಬೇಕಾಗಿದ್ದ 60 ಮತ ಮಾಡಿಕೊಟ್ಟರು. ಸಬ್ಸಿಡಿ ಸಿಗಲಿಲ್ಲ. ಎಂಟೂ ಜನರಿಗೆ ಸ್ವಂತ ಪಕ್ಷದವರಿಂದಲೇ ಬೈಗುಳದ ಸುರಿಮಳೆ.

ನನ್ನ ಗಮನ ಸೆಳೆದದ್ದು ಬೇರೆ. ಆ ಎಂಟು ಜನರಲ್ಲಿ ಒಬ್ಬರೂ 2026ರಲ್ಲಿ ಚುನಾವಣೆ ಎದುರಿಸುವವರಲ್ಲ. ಇಬ್ಬರು ನಿವೃತ್ತಿ ಘೋಷಿಸಿದ್ದರು, ಉಳಿದವರ ಅವಧಿ ಇನ್ನೂ ಇತ್ತು. ಇದು ಕಾಕತಾಳೀಯ ಅಂತ ನನಗೆ ಅನ್ನಿಸುವುದಿಲ್ಲ. "ಈಗಿನ ನಾಯಕರಿಗೆ ದೊಡ್ಡತನ ಇಲ್ಲ" ಎಂಬ ವಿವರಣೆ ಎಲ್ಲ ಕಡೆ ಕೇಳುತ್ತೇನೆ. ನನಗೆ ಅದು ಸಾಲದು. ಕೈ ಜೋಡಿಸಿದರೆ ಸೀಟು ಹೋಗುತ್ತದೆ ಎಂಬ ಭಯ ಇದ್ದರೆ ಯಾರು ಜೋಡಿಸುತ್ತಾರೆ? ನಿಮಗೇನನ್ನಿಸುತ್ತದೆ?

ಮಲೆನಾಡ ಮಳೆ

ನಾನು ಶಿವಮೊಗ್ಗದಲ್ಲಿ ಕೂತು ಓದುತ್ತಿರುವವನು, ಒಂದು ದಡ್ಡ ಪ್ರಶ್ನೆ. ನಮ್ಮಲ್ಲಿ ಬಜೆಟ್ ಸೋತರೆ ಸರ್ಕಾರವೇ ಬೀಳುತ್ತದೆ. ಚುನಾವಣೆ ವರ್ಷ ಆದರೆ ಲೇಖಾನುದಾನ ತಗೊಂಡು ನಡೆಸುತ್ತಾರೆ. ಅಲ್ಲಿ ಇಷ್ಟೆಲ್ಲ ಆದರೂ ಯಾರೂ ಮನೆಗೆ ಹೋಗುವುದಿಲ್ಲವಲ್ಲ, ಹೇಗೆ?

ಹಳೇ ಮೇಷ್ಟ್ರು

ದಡ್ಡ ಪ್ರಶ್ನೆ ಅಲ್ಲ, ಇದೇ ಮೂಲ. ಅಲ್ಲಿ ಅಧ್ಯಕ್ಷರನ್ನು ನಾಲ್ಕು ವರ್ಷಕ್ಕೆ, ಕೆಳಮನೆಯಾದ ಹೌಸ್ ಅನ್ನು ಎರಡು ವರ್ಷಕ್ಕೆ, ಸೆನೆಟರ್‌ಗಳನ್ನು ಆರು ವರ್ಷಕ್ಕೆ ಜನ ಬೇರೆ ಬೇರೆಯಾಗಿ ಆರಿಸುತ್ತಾರೆ. ಒಬ್ಬರ ಕುರ್ಚಿ ಇನ್ನೊಬ್ಬರ ಮತದ ಮೇಲೆ ನಿಂತಿಲ್ಲ. ಹಾಗಾಗಿ ಒಪ್ಪಿಗೆ ಆಗದಿದ್ದರೆ ಯಾರೂ ಬೀಳುವುದಿಲ್ಲ, ಕೆಲಸ ಮಾತ್ರ ನಿಲ್ಲುತ್ತದೆ.

ಷಟ್‌ಡೌನ್ ಎನ್ನುವುದು ತೀರಾ ಹಳೆಯದೂ ಅಲ್ಲ. 1980ಕ್ಕೆ ಮೊದಲು ಹಣದ ಮಂಜೂರಾತಿ ತಡವಾದರೂ ಕಚೇರಿಗಳು ಹೇಗೋ ನಡೆಯುತ್ತಿದ್ದವು. ಆ ವರ್ಷ ಅಟಾರ್ನಿ ಜನರಲ್ ಬೆಂಜಮಿನ್ ಸಿವಿಲೆಟ್ಟಿ, 19ನೇ ಶತಮಾನದ ಒಂದು ಕಾನೂನನ್ನು ಓದಿ, ಮಂಜೂರಾತಿ ಇಲ್ಲದೆ ಸರ್ಕಾರ ಕೆಲಸ ಮಾಡಿಸುವಂತಿಲ್ಲ ಎಂದು ಅಭಿಪ್ರಾಯ ಕೊಟ್ಟರು. ಅವರ ಉದ್ದೇಶ ಕಾನೂನು ಪಾಲನೆ. ಆದರೆ ಜಗಳವಾಡುವವರ ಕೈಗೆ ಹೊಸ ಆಯುಧ ಸಿಕ್ಕಿತು. 1995-96ರಲ್ಲಿ 21 ದಿನ, 2013ರಲ್ಲಿ 16 ದಿನ, 2018-19ರಲ್ಲಿ 35 ದಿನ, 2025ರಲ್ಲಿ 43.

ಇನ್ನೊಂದು ಸಂಗತಿ. 1974ರ ಬಜೆಟ್ ಕಾಯ್ದೆ ಪ್ರಕಾರ ಅಕ್ಟೋಬರ್ 1ರೊಳಗೆ ಎಲ್ಲ ಖರ್ಚಿನ ಮಸೂದೆಗಳೂ ಪಾಸಾಗಬೇಕು. ಈ ವ್ಯವಸ್ಥೆ ಬಂದ ಮೇಲೆ ಎಲ್ಲವನ್ನೂ ಹೊತ್ತಿಗೆ ಸರಿಯಾಗಿ ಮುಗಿಸಿದ್ದು ನಾಲ್ಕೇ ನಾಲ್ಕು ಸಲ. ಕೊನೆಯದು 1996ರಲ್ಲಿ.

ಸುಮ್ನೆ ಓದುವವಳು

ಮೇಷ್ಟ್ರೇ, ಆ 60ರ ಲೆಕ್ಕವನ್ನೂ ಹೇಳಿಬಿಡಿ. ನೂರು ಜನರ ಸೆನೆಟ್‌ನಲ್ಲಿ 51 ಇದ್ದರೆ ಸಾಲದಾ?

ಹಳೇ ಮೇಷ್ಟ್ರು

ಮಸೂದೆ ಪಾಸಾಗಲು ಸಾಕು. ಚರ್ಚೆ ನಿಲ್ಲಿಸಿ ಮತಕ್ಕೆ ಹಾಕಲು ಸಾಲದು. ಚರ್ಚೆಯನ್ನು ಎಳೆದು ಎಳೆದು ಮತದಾನವೇ ಆಗದಂತೆ ಮಾಡುವುದೇ ಫಿಲಿಬಸ್ಟರ್. ಇದು ಸಂವಿಧಾನದಲ್ಲಿ ಇಲ್ಲ, ಸೆನೆಟ್‌ನ ಸ್ವಂತ ನಿಯಮ. ಚರ್ಚೆಗೆ ಮತದಿಂದ ತೆರೆ ಎಳೆಯುವ ದಾರಿ ಬಂದದ್ದೇ 1917ರಲ್ಲಿ. ಆಗ ಮೂರನೇ ಎರಡು ಭಾಗ ಬೇಕಿತ್ತು, 1975ರಲ್ಲಿ 60ಕ್ಕೆ ಇಳಿಸಿದರು.

ಹಿಂದೆ ತಡೆಯಬೇಕಾದರೆ ನಿಂತು ಮಾತಾಡಬೇಕಿತ್ತು. 1957ರಲ್ಲಿ ಸ್ಟ್ರಾಮ್ ಥರ್ಮಂಡ್ ನಾಗರಿಕ ಹಕ್ಕುಗಳ ಮಸೂದೆ ವಿರುದ್ಧ 24 ಗಂಟೆ 18 ನಿಮಿಷ ನಿಂತು ಮಾತಾಡಿದರು. ವಿಷಯ ಮುಗಿದು ರಾಜ್ಯ ರಾಜ್ಯಗಳ ಚುನಾವಣಾ ಕಾನೂನುಗಳನ್ನು ಓದಿದರು. ಮಸೂದೆ ಆದರೂ ಪಾಸಾಯಿತು. ಈಗ ಅಷ್ಟು ಕಷ್ಟ ಇಲ್ಲ. ತಡೆಯುತ್ತೇವೆ ಎಂದು ತಿಳಿಸಿದರೆ ಸಾಕು, 60 ಹುಡುಕುವ ಹೊರೆ ಎದುರಿನವರ ಮೇಲೆ. ಕಾಲು ನೋಯುವ ಕೆಲಸ ಹೋಗಿ ಇಮೇಲ್ ಕಳಿಸುವ ಕೆಲಸ ಆಯಿತು. ಹಾಗಾಗಿ ಎಲ್ಲದಕ್ಕೂ ಬಳಕೆ ಜಾಸ್ತಿ.

ಲೆಕ್ಕದ ಮನುಷ್ಯ

60ರ ನಿಯಮ ಐವತ್ತು ವರ್ಷದಿಂದ ಇದೆ. ಹಾಗಾದರೆ ಮೊದಲು ಕೆಲಸ ನಡೆದದ್ದು ಹೇಗೆ ಎಂದು ಕೇಳಬೇಕು. ನನ್ನ ಉತ್ತರ: ಪಕ್ಷಗಳು ಆಗ ಬೆರಕೆಯಾಗಿದ್ದವು.

1964ರ ನಾಗರಿಕ ಹಕ್ಕುಗಳ ಕಾಯ್ದೆ ನೋಡಿ. ಫಿಲಿಬಸ್ಟರ್ ಮುರಿಯಲು 71 ಮತ ಬಿದ್ದವು, ವಿರುದ್ಧ 29. ಆ 71ರಲ್ಲಿ 27 ರಿಪಬ್ಲಿಕನ್ನರು. ಅಧ್ಯಕ್ಷ ಜಾನ್ಸನ್ ಡೆಮಾಕ್ರಟ್, ತಡೆದು ಕೂತಿದ್ದ ದಕ್ಷಿಣದ ಸೆನೆಟರ್‌ಗಳೂ ಹೆಚ್ಚಿನವರು ಡೆಮಾಕ್ರಟರೇ! ದಡ ಮುಟ್ಟಿಸಿದ್ದು ರಿಪಬ್ಲಿಕನ್ ನಾಯಕ ಎವರೆಟ್ ಡರ್ಕ್‌ಸನ್. ಎರಡೂ ಪಕ್ಷದಲ್ಲಿ ಎಡದವರು, ಬಲದವರು ಇದ್ದಾಗ ಪ್ರತಿ ಮಸೂದೆಗೂ ಬೇರೆ ಬೇರೆ ಗುಂಪು ಕಟ್ಟಬಹುದಿತ್ತು. ಆಮೇಲೆ ದಕ್ಷಿಣದ ಬಿಳಿಯ ಮತದಾರರು ನಿಧಾನವಾಗಿ ರಿಪಬ್ಲಿಕನ್ ಕಡೆ ಹೋದರು, ಈಶಾನ್ಯದ ಉದಾರವಾದಿ ರಿಪಬ್ಲಿಕನ್ನರು ಕರಗಿಹೋದರು.

ತಮಾಷೆ ಏನೆಂದರೆ, 1950ರಲ್ಲಿ ಅಮೆರಿಕದ ರಾಜ್ಯಶಾಸ್ತ್ರಜ್ಞರ ಸಂಘ ಒಂದು ವರದಿ ಕೊಟ್ಟಿತ್ತು. ನಮ್ಮ ಪಕ್ಷಗಳಲ್ಲಿ ಶಿಸ್ತಿಲ್ಲ, ಮತದಾರರಿಗೆ ಸ್ಪಷ್ಟವಾದ ಆಯ್ಕೆ ಸಿಗುತ್ತಿಲ್ಲ, ಪಕ್ಷಗಳು ಗಟ್ಟಿಯಾಗಬೇಕು ಎಂಬ ದೂರು ಅದು. ಕೇಳಿದ್ದು ಸಿಕ್ಕಿತು.

ಎರಡನೆಯ ಕಾರಣ ನನಗೆ ಇನ್ನೂ ಮುಖ್ಯ. 1955ರಿಂದ 1995ರವರೆಗೆ ನಲವತ್ತು ವರ್ಷ ಹೌಸ್ ಡೆಮಾಕ್ರಟರ ಕೈಯಲ್ಲೇ ಇತ್ತು. ಗೆಲ್ಲುವ ಆಸೆಯೇ ಇಲ್ಲದ ರಿಪಬ್ಲಿಕನ್ನರು ಸಿಕ್ಕಷ್ಟು ಸಿಗಲಿ ಎಂದು ಮಾತುಕತೆಗೆ ಕೂರುತ್ತಿದ್ದರು. 1994ರಲ್ಲಿ ನ್ಯೂಟ್ ಗಿಂಗ್ರಿಚ್ ಮುಂದಾಳತ್ವದಲ್ಲಿ 54 ಸೀಟು ಹೆಚ್ಚಿಸಿಕೊಂಡು ಗೆದ್ದರು. ಜಗಳದಿಂದಲೇ ಗೆಲ್ಲಬಹುದು ಎಂದು ಇಡೀ ದೇಶಕ್ಕೆ ಗೊತ್ತಾಯಿತು. ಅಲ್ಲಿಂದ ಮುಂದೆ 2006, 2010, 2018, 2022ರಲ್ಲಿ ಹೌಸ್ ಕೈ ಬದಲಾಯಿಸಿತು. ಇನ್ನೆರಡು ವರ್ಷದಲ್ಲಿ ನಾವೇ ಬರುತ್ತೇವೆ ಎಂಬ ನಂಬಿಕೆ ಇದ್ದಾಗ, ಈಗಿನವರಿಗೆ ಹೆಸರು ಬರುವ ಕೆಲಸಕ್ಕೆ ಯಾಕೆ ಮತ ಹಾಕಬೇಕು?

1983ರಲ್ಲಿ ಸೋಷಿಯಲ್ ಸೆಕ್ಯುರಿಟಿ ಪಿಂಚಣಿ ನಿಧಿ ಬರಿದಾಗುವ ಹಂತಕ್ಕೆ ಬಂದಿತ್ತು. ರಿಪಬ್ಲಿಕನ್ ಅಧ್ಯಕ್ಷ ರೇಗನ್ ಮತ್ತು ಡೆಮಾಕ್ರಟ್ ಸ್ಪೀಕರ್ ಟಿಪ್ ಒನೀಲ್ ಕೂತು ಒಪ್ಪಂದಕ್ಕೆ ಬಂದರು. ತೆರಿಗೆ ಏರಿತು, ಪೂರ್ತಿ ಪಿಂಚಣಿಯ ವಯಸ್ಸು 65ರಿಂದ ನಿಧಾನವಾಗಿ 67ಕ್ಕೆ ಹೋಯಿತು. ಇಬ್ಬರಿಗೂ ಬೈಗುಳ ಸಮಪಾಲು. ಈಗ ಆ ವಿಷಯ ಮುಟ್ಟುವ ಧೈರ್ಯ ಯಾರಿಗಿದೆ ಹೇಳಿ.

ಸುಮ್ನೆ ಓದುವವಳು

ಈ ಹಳೆಯ ಸೌಹಾರ್ದದ ಕಥೆಗಳನ್ನು ಕೇಳಿದರೆ ನನಗೆ ಕಸಿವಿಸಿ. ಆ ದೇಶದ ದೊಡ್ಡ ದೊಡ್ಡ ರಾಜಿಗಳು ಯಾರ ತಲೆಯ ಮೇಲೆ ನಡೆದವು? 1787ರಲ್ಲಿ ಗುಲಾಮರನ್ನು ಐದರಲ್ಲಿ ಮೂರು ಭಾಗ ಎಂದು ಎಣಿಸಿದ್ದು ರಾಜಿ. ಮತ ಅವರಿಗಿಲ್ಲ, ಹೆಚ್ಚುವರಿ ಸೀಟು ಮಾತ್ರ ಅವರ ಯಜಮಾನರ ರಾಜ್ಯಗಳಿಗೆ. 1850ರ ರಾಜಿಯಲ್ಲಿ, ತಪ್ಪಿಸಿಕೊಂಡು ಉತ್ತರಕ್ಕೆ ಬಂದ ಗುಲಾಮರನ್ನು ಹಿಡಿದು ವಾಪಸ್ ಕೊಡುವ ಕಾನೂನು ಸೇರಿತ್ತು. 1877ರಲ್ಲಿ ಅಧ್ಯಕ್ಷ ಚುನಾವಣೆಯ ತಕರಾರು ಬಗೆಹರಿಸಿಕೊಂಡು ದಕ್ಷಿಣದಿಂದ ಸೈನ್ಯ ವಾಪಸ್ ಕರೆಸಿದರು. ಅಲ್ಲಿನ ಕರಿಯರನ್ನು ಮುಂದಿನ ಎಂಬತ್ತು ತೊಂಬತ್ತು ವರ್ಷ ಕೇಳುವವರೇ ಇರಲಿಲ್ಲ.

ಲೆಕ್ಕದ ಮನುಷ್ಯರೇ, ನೀವು ಹೊಗಳುವ ಬೆರಕೆ ಪಕ್ಷಗಳ ಕಾಲದಲ್ಲೇ ದಕ್ಷಿಣದ ಡೆಮಾಕ್ರಟರು ಸಮಿತಿಗಳ ಅಧ್ಯಕ್ಷರಾಗಿ ಕೂತು, ನಾಗರಿಕ ಹಕ್ಕುಗಳ ಮಸೂದೆಗಳನ್ನು ವರ್ಷಗಟ್ಟಲೆ ಹೂತುಹಾಕಿದ್ದು. ಎಲ್ಲರೂ ನಗುನಗುತ್ತಾ ಇದ್ದರು ಅಂದರೆ ಯಾರೋ ಒಬ್ಬರನ್ನು ಹೊರಗಿಟ್ಟಿದ್ದರು ಅಂತಲೇ ಅರ್ಥ.

ಲೆಕ್ಕದ ಮನುಷ್ಯ

ಮೇಡಂ, ಆ ಸೌಹಾರ್ದಕ್ಕೆ ಅಂಥ ಬೆಲೆ ಇತ್ತು, ಒಪ್ಪುತ್ತೇನೆ. ಆದರೆ ಅದನ್ನು ಮುರಿದ 1964ರ ಕಾಯ್ದೆಯೂ ರಾಜಿಯಿಂದಲೇ ಬಂತು. ಡರ್ಕ್‌ಸನ್ ಮಸೂದೆಯನ್ನು ತಿದ್ದಿಸಿ, ರಾಜ್ಯಗಳಲ್ಲಿ ಅಂಥ ಕಾನೂನು ಇದ್ದರೆ ದೂರು ಮೊದಲು ಅಲ್ಲಿಗೆ ಹೋಗಲಿ ಎಂದು ಸೇರಿಸಿದರು. ಆಗಲೇ ಅವರ ಕಡೆಯ ಮತಗಳು ಬಂದದ್ದು. ಎಲ್ಲವೂ ಪೂರ್ತಿ ಬೇಕು ಎಂದು ಹಟ ಹಿಡಿದಿದ್ದರೆ ಅದೂ ಹೂತುಹೋಗುತ್ತಿತ್ತು.

ಕ್ಯೂನಲ್ಲಿರುವವ

ಇತಿಹಾಸ ಚೆನ್ನಾಗಿದೆ. ನಾನು ನಮ್ಮ ಮನೆ ವಿಷಯ ಹೇಳುತ್ತೇನೆ, ಇಲ್ಲಿ ಅರ್ಧ ಜನರ ಮನೆ ವಿಷಯವೂ ಅದೇ ಇರಬಹುದು.

ಉದ್ಯೋಗದ ಮೇಲೆ ಕೊಡುವ ಕಾಯಂ ವಾಸದ ಪರವಾನಗಿ, ಅಂದರೆ ಗ್ರೀನ್ ಕಾರ್ಡ್‌ಗೆ ಈಗಲೂ 1990ರ ಕಾನೂನೇ ಗತಿ. ವರ್ಷಕ್ಕೆ ಸುಮಾರು 1.4 ಲಕ್ಷ, ಒಂದು ದೇಶದವರಿಗೆ ಶೇ. 7ರ ಮಿತಿ. ಭಾರತಕ್ಕೂ ಅಷ್ಟೇ, ಐಸ್‌ಲ್ಯಾಂಡ್‌ಗೂ ಅಷ್ಟೇ. ಹೆಂಡತಿ ಮಕ್ಕಳೂ ಅದೇ ಲೆಕ್ಕದಲ್ಲಿ. ಚಿಕ್ಕಂದಿನಲ್ಲಿ ಇಲ್ಲಿಗೆ ಬಂದ ಮಗು ನಮ್ಮ ಸರದಿ ಬರುವ ಮೊದಲೇ 21 ದಾಟಿದರೆ ನಮ್ಮ ಅರ್ಜಿಯಿಂದ ಹೊರಗೆ ಬೀಳುತ್ತದೆ. ನಮ್ಮ ಮಗಳು ಈಗ ಹೈಸ್ಕೂಲ್‌ನಲ್ಲಿ ಇದ್ದಾಳೆ. ಕಾಲೇಜು ಆರಿಸುವಾಗ ಅವಳ ಗೆಳತಿಯರು ಕೋರ್ಸ್ ನೋಡುತ್ತಾರೆ, ನಾವು ಕ್ಯಾಲೆಂಡರ್ ನೋಡುತ್ತೇವೆ.

ಇದು ತಪ್ಪು ಎಂದು ಎರಡೂ ಪಕ್ಷದಲ್ಲಿ ಬೇಕಾದಷ್ಟು ಜನ ಒಪ್ಪುತ್ತಾರೆ. ಅದೇ ಸಂಕಟ! 2013ರಲ್ಲಿ ವಲಸೆ ಸುಧಾರಣೆ ಮಸೂದೆ ಸೆನೆಟ್‌ನಲ್ಲಿ 68-32ರಿಂದ ಪಾಸಾಯಿತು. ಹೌಸ್‌ನಲ್ಲಿ ರಿಪಬ್ಲಿಕನ್ ಸ್ಪೀಕರ್ ಜಾನ್ ಬೇನರ್ ಅದನ್ನು ಮತಕ್ಕೇ ಹಾಕಲಿಲ್ಲ. ಹಾಕಿದ್ದರೆ ಡೆಮಾಕ್ರಟರು ಮತ್ತು ಒಂದಿಷ್ಟು ರಿಪಬ್ಲಿಕನ್ನರು ಸೇರಿ ಪಾಸು ಮಾಡುವ ಸಂಭವ ಇತ್ತು. ಆದರೆ ಸ್ವಂತ ಪಕ್ಷದ ಬಹುಪಾಲು ಜನರಿಗೆ ಬೇಡವಾದದ್ದನ್ನು ಮತಕ್ಕೆ ತರಬಾರದು ಎಂಬ ಬರೆಯದ ನಿಯಮ ಅವರಲ್ಲಿದೆ.

2019ರಲ್ಲಿ ದೇಶವಾರು ಮಿತಿ ತೆಗೆಯುವ ಮಸೂದೆ ಹೌಸ್‌ನಲ್ಲಿ 365-65ರಿಂದ ಪಾಸಾಯಿತು. 2020ರ ಡಿಸೆಂಬರ್‌ನಲ್ಲಿ ಸೆನೆಟ್ ತನ್ನದೇ ಆವೃತ್ತಿಯನ್ನು ಒಬ್ಬರ ತಕರಾರೂ ಇಲ್ಲದೆ ಪಾಸು ಮಾಡಿತು. ಎರಡನ್ನೂ ಹೊಂದಿಸುವಷ್ಟರಲ್ಲಿ ಕಾಂಗ್ರೆಸ್‌ನ ಅವಧಿ ಮುಗಿಯಿತು. ಅಷ್ಟೇ, ಸತ್ತಿತು.

2024ರದ್ದು ಇನ್ನೂ ನೋವು. ರಿಪಬ್ಲಿಕನ್ ಜೇಮ್ಸ್ ಲ್ಯಾಂಕ್‌ಫರ್ಡ್, ಡೆಮಾಕ್ರಟ್ ಕ್ರಿಸ್ ಮರ್ಫಿ, ಪಕ್ಷೇತರ ಕಿರ್ಸ್ಟನ್ ಸಿನೆಮಾ, ಈ ಮೂವರು ಸೆನೆಟರ್‌ಗಳೂ ತಿಂಗಳುಗಟ್ಟಲೆ ಕೂತು ಗಡಿ ಮಸೂದೆ ಬರೆದರು. ಗಡಿ ಬಿಗಿ ಮಾಡುವುದು ರಿಪಬ್ಲಿಕನ್ನರ ಬೇಡಿಕೆಯೇ ಆಗಿತ್ತು. ಅದರ ಒಳಗೆ ಐದು ವರ್ಷ, ವರ್ಷಕ್ಕೆ 18 ಸಾವಿರ ಹೆಚ್ಚುವರಿ ಉದ್ಯೋಗ ಗ್ರೀನ್ ಕಾರ್ಡ್ ಇತ್ತು. ಎಚ್1ಬಿ ಉದ್ಯೋಗ ವೀಸಾದವರ ಮಕ್ಕಳು 21 ದಾಟಿದರೂ ಹೊರಗೆ ಬೀಳದಂತೆ ರಕ್ಷಣೆ ಇತ್ತು. ಟ್ರಂಪ್ ಬೇಡ ಎಂದರು. ಚುನಾವಣೆ ವರ್ಷ, ಗಡಿ ಸಮಸ್ಯೆ ಬಗೆಹರಿದರೆ ಪ್ರಚಾರಕ್ಕೆ ವಿಷಯ ಎಲ್ಲಿ? ಫೆಬ್ರವರಿಯಲ್ಲಿ 49-50ಕ್ಕೆ ಬಿತ್ತು. ನಾಲ್ಕೇ ರಿಪಬ್ಲಿಕನ್ನರು ಪರವಾಗಿ ಮತ ಹಾಕಿದರು.

ಮೇ ತಿಂಗಳಲ್ಲಿ ಡೆಮಾಕ್ರಟರು ಅದನ್ನೇ ಮತ್ತೆ ಮತಕ್ಕೆ ತಂದರು. ಪಾಸಾಗುವುದಿಲ್ಲ ಎಂದು ಗೊತ್ತಿದ್ದೇ ತಂದರು, ರಿಪಬ್ಲಿಕನ್ನರನ್ನು ಬಯಲಿಗೆಳೆಯಲು. ಆಗ ಬರೆದ ಲ್ಯಾಂಕ್‌ಫರ್ಡ್, ಸಿನೆಮಾ ಇಬ್ಬರೂ ತಾವೇ ಬರೆದದ್ದರ ವಿರುದ್ಧ ಮತ ಹಾಕಿದರು. ಅಷ್ಟರೊಳಗೆ ಸಿನೆಮಾ ಇನ್ನು ಚುನಾವಣೆಗೇ ನಿಲ್ಲುವುದಿಲ್ಲ ಎಂದಿದ್ದರು.

ಎಡಿಸನ್ ಕಾಫಿ

ಸರ್, ನಾನು ಸುತ್ತಿ ಬಳಸಿ ಹೇಳಿದ್ದನ್ನು ನೀವು ನೇರವಾಗಿ ಹೇಳಿದಿರಿ. ಸಮಸ್ಯೆ ಉಳಿದರೆ ಇಬ್ಬರಿಗೂ ಲಾಭ.

ಬೆಳಗಾವಿ ಕುಂದಾ

2013ರ ಮಸೂದೆಗೆ ಕೊನೆಯ ಮೊಳೆ ಹೊಡೆದದ್ದು ಎರಿಕ್ ಕ್ಯಾಂಟರ್ ಸೋಲು. ಹೌಸ್‌ನಲ್ಲಿ ರಿಪಬ್ಲಿಕನ್ನರ ಎರಡನೇ ದೊಡ್ಡ ನಾಯಕ. 2014ರ ಜೂನ್‌ನಲ್ಲಿ ಸ್ವಂತ ಪಕ್ಷದ ಪ್ರೈಮರಿಯಲ್ಲೇ, ಹೆಚ್ಚಿನವರು ಹೆಸರು ಕೇಳಿರದ ಅರ್ಥಶಾಸ್ತ್ರದ ಪ್ರೊಫೆಸರ್ ಒಬ್ಬರ ಎದುರು ಬಿದ್ದರು. ಕ್ಯಾಂಟರ್ ವಲಸಿಗರ ಬಗ್ಗೆ ಮೆದು ಎಂಬುದೇ ಎದುರಾಳಿಯ ಮುಖ್ಯ ಆರೋಪ. ಅದನ್ನು ನೋಡಿದ ಮೇಲೆ ಉಳಿದವರು ಬಾಯಿ ಬಿಟ್ಟಾರಾ?

ಪ್ರೈಮರಿ ಎಂದರೆ ಪಕ್ಷದ ಟಿಕೆಟ್ ಯಾರಿಗೆ ಎಂದು ಮತದಾರರೇ ಆರಿಸುವ ಚುನಾವಣೆ. ಹೈಕಮಾಂಡ್ ಕೊಡುವುದಲ್ಲ. ಕೇಳಲು ಚಂದ. ಆದರೆ ಬರುವವರು ಕಡಿಮೆ ಜನ, ಅದರಲ್ಲೂ ಕಟ್ಟಾ ಅಭಿಮಾನಿಗಳು. ನಮ್ಮ ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾಣೇದಾರ್ ಗೊತ್ತಲ್ಲ, ಡೆಟ್ರಾಯಿಟ್ ಕಡೆಯ ಸಂಸದ. 2022ರ ಡೆಮಾಕ್ರಟಿಕ್ ಪ್ರೈಮರಿಯಲ್ಲಿ ಒಂಬತ್ತು ಜನ ಇದ್ದರು, ಅವರು ಗೆದ್ದದ್ದು ಸುಮಾರು ಶೇ. 28 ಮತದಿಂದ. ನವೆಂಬರ್‌ನಲ್ಲಿ ಶೇ. 70ರ ಮೇಲೆ ಬಂತು. ಅಂದರೆ ನಿಜವಾದ ಚುನಾವಣೆ ಆಗಸ್ಟ್‌ನಲ್ಲೇ ಮುಗಿದಿತ್ತು. ನಮ್ಮೂರಿನವರು ಅಂತ ಹೆಮ್ಮೆ ಇದೆ, ಅದು ಬೇರೆ ಮಾತು. ದೇಶದ ಬಹಳಷ್ಟು ಕ್ಷೇತ್ರಗಳ ಕಥೆ ಇದೇ. ಎದುರು ಪಕ್ಷದ ಭಯವಿಲ್ಲ, ತಮ್ಮ ಪಕ್ಷದ ಒಳಗಿನವರ ಭಯ.

ಇನ್ನು ಗಡಿ ಗೀಚುವ ಆಟ. ಕ್ಷೇತ್ರ ವಿಂಗಡಣೆಯಲ್ಲಿ ಪಕ್ಷಪಾತ ಮಾಡಿದರೆ ಅದನ್ನು ಫೆಡರಲ್ ಕೋರ್ಟ್‌ಗಳು ತೀರ್ಮಾನಿಸಲಾರವು ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿತು. 2025ರಲ್ಲಿ ಟೆಕ್ಸಾಸ್ ಜನಗಣತಿಗೂ ಕಾಯದೆ, ಐದು ರಿಪಬ್ಲಿಕನ್ ಸೀಟು ಹೆಚ್ಚಲಿ ಎಂದು ನಕ್ಷೆ ಬದಲಿಸಿತು. ಕ್ಯಾಲಿಫೋರ್ನಿಯಾ ನವೆಂಬರ್‌ನಲ್ಲಿ ಜನಮತ ಪಡೆದು ಡೆಮಾಕ್ರಟರಿಗೆ ಅನುಕೂಲವಾಗುವಂತೆ ತಾನೂ ಬದಲಿಸಿತು. ನೀ ಕೊಟ್ಟೆ, ನಾ ಕೊಟ್ಟೆ.

ಮಲೆನಾಡ ಮಳೆ

ಹಾಗಾದರೆ ಅಲ್ಲಿ ಪಕ್ಷಾಂತರ ನಿಷೇಧ ಕಾನೂನು ಇಲ್ಲವಾ? ಇಲ್ಲಿ 1985ರಿಂದ ವಿಪ್ ಮೀರಿದರೆ ಸದಸ್ಯತ್ವವೇ ಹೋಗಬಹುದು. ಅಲ್ಲಿ ಬೇಕಾದ ಹಾಗೆ ಮತ ಹಾಕಬಹುದು ಅಂದರೆ, ಹಾಕಬೇಕಲ್ಲ?

ಹಳೇ ಮೇಷ್ಟ್ರು

ಕಾನೂನು ಇಲ್ಲ. ವಿಪ್ ಕೆಲಸವನ್ನು ಪ್ರೈಮರಿ ಮಾಡುತ್ತದೆ. ಅದರ ಭಯ ಇಲ್ಲದವರು ಮೀರುತ್ತಾರೆ. 2017ರ ಜುಲೈನಲ್ಲಿ ಒಬಾಮಾಕೇರ್ ರದ್ದು ಮಾಡುವ ಮಸೂದೆಗೆ ರಿಪಬ್ಲಿಕನ್ ಸೆನೆಟರ್ ಜಾನ್ ಮೆಕೇನ್ ಹೆಬ್ಬೆರಳು ಕೆಳಗೆ ಮಾಡಿದ್ದು ನೆನಪಿದೆಯಾ? 49-51ಕ್ಕೆ ಬಿತ್ತು. ಹಿಂದಿನ ವರ್ಷವಷ್ಟೇ ಮರು ಆಯ್ಕೆಯಾಗಿದ್ದರು, ಮೆದುಳಿನ ಕ್ಯಾನ್ಸರ್ ಎಂದು ಅದೇ ತಿಂಗಳು ಗೊತ್ತಾಗಿತ್ತು. ಅವರ ಜೊತೆ ಮತ ಹಾಕಿದ ರಿಪಬ್ಲಿಕನ್ ಲೀಸಾ ಮರ್ಕೌಸ್ಕಿ 2010ರಲ್ಲೇ ಪ್ರೈಮರಿ ಸೋತು, ಮತಪತ್ರದಲ್ಲಿ ಜನರೇ ಹೆಸರು ಬರೆದು ಗೆಲ್ಲಿಸಿದವರು. ಅವರ ರಾಜ್ಯವಾದ ಅಲಾಸ್ಕಾದಲ್ಲಿ 2022ರಿಂದ ಎಲ್ಲ ಪಕ್ಷದವರಿಗೂ ಒಂದೇ ಪ್ರೈಮರಿ, ಮೊದಲ ನಾಲ್ವರು ಮುಂದೆ ಹೋಗುತ್ತಾರೆ. ಅಂಥ ಕಡೆ ಸ್ವಲ್ಪ ಉಸಿರಾಡಬಹುದು.

ಎಲ್ಲರಿಗೂ ಪಾಠ ಕಲಿಸಿದ್ದು ಹೌಸ್‌ನ ರಿಪಬ್ಲಿಕನ್ ಸ್ಪೀಕರ್ ಕೆವಿನ್ ಮೆಕಾರ್ಥಿ ಪ್ರಸಂಗ. 2023ರ ಸೆಪ್ಟೆಂಬರ್ ಕೊನೆಗೆ ಡೆಮಾಕ್ರಟರ ಮತ ಪಡೆದು ಷಟ್‌ಡೌನ್ ತಪ್ಪಿಸಿದರು. ಅಕ್ಟೋಬರ್ 3ಕ್ಕೆ 216-210ರಿಂದ ಸ್ಪೀಕರ್ ಕುರ್ಚಿ ಹೋಯಿತು. ಇತಿಹಾಸದಲ್ಲೇ ಮೊದಲು. ಇಳಿಸಿದ್ದು ಎಂಟು ರಿಪಬ್ಲಿಕನ್ನರು ಎನ್ನುತ್ತಾರೆ. ಅವರ ಜೊತೆ ಮತ ಹಾಕಿದ ಉಳಿದವರೆಲ್ಲ ಡೆಮಾಕ್ರಟರು ಎಂಬುದನ್ನು ಯಾರೂ ಹೇಳುವುದಿಲ್ಲ.

ಡಲ್ಲಾಸ್ ಬಿಸಿಲು

ಸ್ವಲ್ಪ ತಣ್ಣೀರು ಹಾಕುತ್ತೇನೆ. ನಾನು ರಿಪಬ್ಲಿಕನ್ ಕಡೆ ವಾಲುವವನು. ಕಾನೂನು ಮಾಡುವುದು ಕಷ್ಟವಾಗಿರಲಿ ಎಂದೇ ಈ ವ್ಯವಸ್ಥೆ ಕಟ್ಟಿದ್ದು, ನನಗದು ಇಷ್ಟ. ಮತ್ತೆ ಎಲ್ಲವೂ ನಿಂತಿದೆ ಎನ್ನುವುದೂ ಸುಳ್ಳು. 2021ರಲ್ಲಿ ರಸ್ತೆ ಸೇತುವೆಗಳ ದೊಡ್ಡ ಮಸೂದೆ ಸೆನೆಟ್‌ನಲ್ಲಿ 69-30ರಿಂದ ಪಾಸಾಯಿತು. 2022ರಲ್ಲಿ ಚಿಪ್ ಮಸೂದೆ 64-33, ಬಂದೂಕಿನ ಮಸೂದೆ 65-33. 2025ರ ಜುಲೈ 4ಕ್ಕೆ ಟ್ರಂಪ್ ಸಹಿ ಹಾಕಿದ ತೆರಿಗೆ ಕಾನೂನು ಎಷ್ಟು ದೊಡ್ಡದು ನೋಡಿ. ನಿಂತ ನೀರಿನಲ್ಲಿ ಇಷ್ಟೆಲ್ಲ ಆಗುತ್ತಾ?

ಲೆಕ್ಕದ ಮನುಷ್ಯ

ಮೊದಲ ಮೂರು ನಿಜ. ಕೊನೆಯದೇ ರೋಗದ ಲಕ್ಷಣ. ಅದು ಸೆನೆಟ್‌ನಲ್ಲಿ 51-50, ಉಪಾಧ್ಯಕ್ಷ ವ್ಯಾನ್ಸ್ ಮತದಿಂದ. ರೆಕನ್ಸಿಲಿಯೇಷನ್ ಎಂಬ ಬಜೆಟ್ ದಾರಿಯಲ್ಲಿ 60 ಬೇಕಿಲ್ಲ, ಸರಳ ಬಹುಮತ ಸಾಕು. 2017ರ ತೆರಿಗೆ ಕಡಿತ, 2022ರ ಬೈಡನ್ ಹವಾಮಾನ ಕಾನೂನು ಎಲ್ಲ ಇದೇ ದಾರಿ. ಆದರೆ ಆ ದಾರಿಗೆ ಖರ್ಚಿನ ಲೆಕ್ಕದ ಕಟ್ಟುಪಾಡು ಇದೆ. ಮೊತ್ತ ಕಡಿಮೆ ತೋರಿಸಲು ಸೌಲಭ್ಯಗಳಿಗೆ ಮುಕ್ತಾಯದ ತಾರೀಖು ಹಾಕುತ್ತಾರೆ.

ಈಗ ಈ ಚರ್ಚೆಯ ಮೊದಲಿಗೆ ಬಂದ ವಿಮೆ ಸಬ್ಸಿಡಿ ನೋಡಿ. 2021ರಲ್ಲಿ ಒಬ್ಬ ರಿಪಬ್ಲಿಕನ್ನರ ಮತವೂ ಇಲ್ಲದೆ ಬಂತು. 2022ರಲ್ಲಿ 51-50ರಿಂದ, ಮತ್ತೆ ಒಬ್ಬರೂ ಇಲ್ಲದೆ, 2025ರ ಕೊನೆವರೆಗೆ ಎಳೆದರು. ತಾರೀಖು ಬಂದಾಗ ಅಧಿಕಾರ ಎದುರಿನವರ ಕೈಯಲ್ಲಿತ್ತು. ಅದನ್ನು ಹುಟ್ಟಿಸಿದ್ದರಲ್ಲಿ ಪಾಲೇ ಇಲ್ಲದವರು ಯಾಕೆ ಉಳಿಸುತ್ತಾರೆ? 43 ದಿನದ ಷಟ್‌ಡೌನ್‌ನ ಬೀಜ 2022ರಲ್ಲೇ ಬಿದ್ದಿತ್ತು ಎನ್ನುತ್ತೇನೆ ನಾನು. 1983ರ ಪಿಂಚಣಿ ಒಪ್ಪಂದಕ್ಕೆ ಇಬ್ಬರ ಸಹಿಯೂ ಇತ್ತು, ಅದಿನ್ನೂ ನಡೆಯುತ್ತಿದೆ.

ಡಲ್ಲಾಸ್ ಬಿಸಿಲು

ಈ ತರ್ಕ ಟ್ರಂಪ್ ಕಾನೂನಿಗೂ ಅನ್ವಯಿಸುತ್ತದೆ ಅನ್ನಿ. ಟಿಪ್ಸ್ ಮೇಲಿನ ತೆರಿಗೆ ವಿನಾಯಿತಿ 2028ಕ್ಕೆ ಮುಗಿಯುತ್ತದೆ. ಆಗ ಮತ್ತೆ ಇದೇ ನಾಟಕ ನೋಡುತ್ತೇವೆ.

ಸುಮ್ನೆ ಓದುವವಳು

ಸುಪ್ರೀಂ ಕೋರ್ಟ್ ನ್ಯಾಯಾಧೀಶರ ನೇಮಕಕ್ಕೆ ಸೆನೆಟ್ ಮತ ಹಾಕುವ ವಿಷಯ ಯಾರೂ ಎತ್ತಲಿಲ್ಲ. 1986ರಲ್ಲಿ ಸ್ಕಾಲಿಯಾ 98-0, 1993ರಲ್ಲಿ ಗಿನ್ಸ್‌ಬರ್ಗ್ 96-3. ಇಬ್ಬರ ವಿಚಾರವೂ ಎಲ್ಲರಿಗೂ ಗೊತ್ತಿತ್ತು. 2018ರಲ್ಲಿ ಕ್ಯಾವನಾ 50-48. ಮಧ್ಯೆ 2016ರಲ್ಲಿ ಒಬಾಮಾ ಸೂಚಿಸಿದ ಮೆರಿಕ್ ಗಾರ್ಲಂಡ್ ಹೆಸರನ್ನು ರಿಪಬ್ಲಿಕನ್ನರು ವಿಚಾರಣೆಗೂ ಕರೆಯದೆ ಸುಮ್ನೆ ಕೂರಿಸಿದರು. ನೇಮಕಾತಿಗೆ 60 ಬೇಕೆಂಬುದನ್ನು 2013ರಲ್ಲಿ ಡೆಮಾಕ್ರಟರು ಕೆಳ ಕೋರ್ಟ್‌ಗಳಿಗೆ ತೆಗೆದರು, 2017ರಲ್ಲಿ ರಿಪಬ್ಲಿಕನ್ನರು ಸುಪ್ರೀಂ ಕೋರ್ಟ್‌ಗೂ ತೆಗೆದರು.

ಕ್ಯೂನಲ್ಲಿರುವವ

ಯಾರಾದರೂ ಹೇಳಿ, ಸ್ಪೀಕರ್ ಮತಕ್ಕೆ ಹಾಕದಿದ್ದರೆ ಬೇರೆ ದಾರಿಯೇ ಇಲ್ಲವಾ? ಡಿಸ್ಚಾರ್ಜ್ ಪಿಟಿಷನ್ ಅಂತ ಸುದ್ದಿಯಲ್ಲಿ ಬಂತಲ್ಲ.

ಹಳೇ ಮೇಷ್ಟ್ರು

ಇದೆ. ಹೌಸ್‌ನಲ್ಲಿ 218 ಸದಸ್ಯರು ಸಹಿ ಹಾಕಿದರೆ ಸ್ಪೀಕರ್‌ಗೆ ಬೇಡವಾದರೂ ಮಸೂದೆ ಮತಕ್ಕೆ ಬರುತ್ತದೆ. ಸಹಿ ಹಾಕಿದವರ ಹೆಸರು ಎಲ್ಲರಿಗೂ ಕಾಣುತ್ತದೆ, ಹಾಗಾಗಿ ಸ್ವಂತ ಪಕ್ಷದವರು ಹಿಂಜರಿಯುತ್ತಾರೆ. 2025ರ ಡಿಸೆಂಬರ್‌ನಲ್ಲಿ ನಾಲ್ವರು ರಿಪಬ್ಲಿಕನ್ನರು ಇದೇ ವಿಮೆ ಸಬ್ಸಿಡಿಗಾಗಿ ಡೆಮಾಕ್ರಟರ ಅರ್ಜಿಗೆ ಸಹಿ ಹಾಕಿ 218 ಮಾಡಿದರು. ಜನವರಿಯಲ್ಲಿ ಮತಕ್ಕೆ ಬಂದಾಗ 17 ರಿಪಬ್ಲಿಕನ್ನರು ಪರವಾಗಿ ಹಾಕಿದರು, 230-196ರಿಂದ ಹೌಸ್ ದಾಟಿತು. ಅಷ್ಟರಲ್ಲಿ ಸಬ್ಸಿಡಿ ಮುಗಿದುಹೋಗಿತ್ತು. ಸೆನೆಟ್‌ನಲ್ಲಿ ಅಂಥ ಅರ್ಜಿ ಇಲ್ಲ, ಅಲ್ಲಿ 60 ಬೇಕೇ ಬೇಕು.

ಎಡಿಸನ್ ಕಾಫಿ

ಕ್ಯೂನಲ್ಲಿರುವವರೇ, ಕಾನೂನು ಬದಲಾಗುವವರೆಗೆ ಒಂದು ಸಣ್ಣ ಮಾತು. ನಿಮ್ಮ ಕ್ಷೇತ್ರದ ಸಂಸದರ ಸ್ಥಳೀಯ ಕಚೇರಿಯಲ್ಲಿ ವಲಸೆ ಅರ್ಜಿಗಳನ್ನು ವಿಚಾರಿಸುವ ಸಿಬ್ಬಂದಿ ಇರುತ್ತಾರೆ. ಮತದಾನದ ಹಕ್ಕು ಇಲ್ಲದಿದ್ದರೂ ಅಲ್ಲಿ ವಾಸ ಮಾಡುವವರ ಫೈಲ್ ನೋಡುತ್ತಾರೆ. ಸರದಿ ಮುಂದೆ ತರಲು ಅವರಿಂದ ಆಗುವುದಿಲ್ಲ. ಅರ್ಜಿ ಎಲ್ಲೋ ಸಿಕ್ಕಿಹಾಕಿಕೊಂಡಿದ್ದರೆ ಕೇಳಿ ಹೇಳುತ್ತಾರೆ. ಮಗಳ ವಯಸ್ಸಿನ ಲೆಕ್ಕ ಮಾತ್ರ ಒಳ್ಳೆ ವಕೀಲರ ಹತ್ತಿರವೇ ಮಾಡಿಸಿ. ಅರ್ಜಿ ಪರಿಶೀಲನೆಯಲ್ಲಿ ಇದ್ದ ದಿನಗಳನ್ನು ವಯಸ್ಸಿನಿಂದ ಕಳೆಯುವ ಅವಕಾಶ 2002ರ ಒಂದು ಕಾನೂನಿನಲ್ಲಿದೆ.

ಕ್ಯೂನಲ್ಲಿರುವವ

ಆ ಕಾನೂನಿನ ಬಗ್ಗೆ ಕೇಳಿದ್ದೆ, ಲೆಕ್ಕ ಹಾಕಿಸಿರಲಿಲ್ಲ. ಈ ವಾರವೇ ವಕೀಲರಿಗೆ ಬರೆಯುತ್ತೇನೆ.